ಜರ್ಮನಿಗೆ ಹೋಗಿಬರುವವರಿಗೆ ‘ನಿಕೋಸ್ ವೇಗ್’: ದೀರ್ಘ ಬಳಕೆಯ ನಂತರದ ವಿಮರ್ಶೆ

ಜರ್ಮನಿಯ ಅಂತರರಾಷ್ಟ್ರೀಯ ಪ್ರಸಾರ ಸಂಸ್ಥೆ ಡಾಯ್ಚ ವೆಲೆ ರೂಪಿಸಿರುವ ‘ನಿಕೋಸ್ ವೇಗ್’ ಎಂಬ ಆನ್‌ಲೈನ್ ಜರ್ಮನ್ ಭಾಷಾ ಪಾಠಮಾಲೆಯನ್ನು ನಾನು ಕೆಲವು ವರ್ಷಗಳಿಂದ ಬಳಸುತ್ತಿದ್ದೇನೆ. ಮಗಳ ಸಂಸಾರ ಸ್ಟುಟ್‌ಗಾರ್ಟ್‌ನಲ್ಲಿದೆ. ಬೇಸಿಗೆಯಲ್ಲಿ ನಾನೂ ನನ್ನ ಪತ್ನಿಯೂ ಮೈಸೂರಿನಿಂದ ಅಲ್ಲಿಗೆ ಹೋಗಿ, ಷೆಂಗೆನ್ ವೀಸಾದ 90 ದಿನಗಳ ಮಿತಿಯೊಳಗೆ ಇದ್ದುಬರುತ್ತೇವೆ. ಈ ವೀಸಾಕ್ಕೆ ಭಾಷಾ ಪರೀಕ್ಷೆಯೇನೂ ಇಲ್ಲ. ಇಂಗ್ಲಿಷ್ ಬಲ್ಲವರು ಜರ್ಮನ್ನಿನ ಒಂದಕ್ಷರವೂ ತಿಳಿಯದೆ ಹೋಗಿಬರಬಹುದು. ಆದರೆ ಮಗಳು, ಅಳಿಯ ಕೆಲಸಕ್ಕೆ ಹೊರಟ ಮೇಲೆ ಬ್ರೆಡ್ ತರುವುದಕ್ಕೆ, ಟ್ರಾಮ್ ಹತ್ತುವುದಕ್ಕೆ, ಮೆಟ್ಟಿಲ ಬಳಿ ಎದುರಾಗುವ ನೆರೆಮನೆಯ ಹಿರಿಯರೊಡನೆ ಎರಡು ಮಾತಾಡುವುದಕ್ಕೆ ಪ್ರತಿ ಸಲವೂ ಇನ್ನೊಬ್ಬರನ್ನು ಕಾಯುವುದು ನಮಗೆ ಒಗ್ಗಲಿಲ್ಲ. ಅಷ್ಟರ ಮಟ್ಟಿಗಿನ ಜರ್ಮನ್ ಕಲಿಸಲು ಈ ಪಾಠಮಾಲೆ ಎಷ್ಟು ಉಪಯುಕ್ತ ಎಂಬುದಷ್ಟೇ ಈ ಬರಹದ ವಿಷಯ.

ಪಾಠಮಾಲೆ ಸಂಪೂರ್ಣ ಉಚಿತ. ಯುರೋಪ್ ಮಂಡಳಿಯು 2001ರಲ್ಲಿ ಪ್ರಕಟಿಸಿದ ಭಾಷಾ ಮಟ್ಟಗಳ ಚೌಕಟ್ಟಿನಲ್ಲಿ ಆರು ಹಂತಗಳಿವೆ. ಅವುಗಳಲ್ಲಿ ಮೊದಲ ಮೂರನ್ನು, ಅಂದರೆ ಎ1, ಎ2 ಮತ್ತು ಬಿ1 ಹಂತಗಳನ್ನು, ಇದು ಒಳಗೊಂಡಿದೆ. ಸ್ಪೇನ್‌ನಿಂದ ಬಂದ ನಿಕೋ ಎಂಬ ತರುಣ ಜರ್ಮನಿಯಲ್ಲಿ ಇಳಿಯುತ್ತಲೇ ತನ್ನ ಬ್ಯಾಗನ್ನು ಕಳೆದುಕೊಳ್ಳುತ್ತಾನೆ. ಅಲ್ಲಿಂದ ಮುಂದೆ ಅವನಿಗೆ ಪರಿಚಯವಾಗುವ ಜನ, ಅವನು ಹುಡುಕುತ್ತಿರುವ ಯಾರಾ ಎಂಬ ಚಿಕ್ಕಮ್ಮ, ಸಿರಿಯಾದಿಂದ ಬಂದ ಸೆಲ್ಮಾ ಹೀಗೆ ಕಥೆ ಬೆಳೆಯುತ್ತದೆ. ಕಥೆಯನ್ನು ಸಣ್ಣ ಸಣ್ಣ ವಿಡಿಯೊಗಳಾಗಿ ಕತ್ತರಿಸಿ, ಪ್ರತಿಯೊಂದಕ್ಕೂ ಅಭ್ಯಾಸಗಳನ್ನೂ ಪದಪಟ್ಟಿಯನ್ನೂ ವ್ಯಾಕರಣದ ಟಿಪ್ಪಣಿಯನ್ನೂ ಜೋಡಿಸಿದ್ದಾರೆ. ಒಂದು ಹಂತದ ವಿಡಿಯೊಗಳನ್ನೆಲ್ಲ ಸೇರಿಸಿದ ಪೂರ್ಣ ಚಿತ್ರವೂ ಯೂಟ್ಯೂಬ್‌ನಲ್ಲಿ ದೊರೆಯುತ್ತದೆ. ಕಥೆ ಅಸಾಧಾರಣವೇನಲ್ಲ, ಆದರೂ ಮುಂದೇನಾಯಿತೆಂದು ತಿಳಿಯುವ ಕುತೂಹಲಕ್ಕೆ ಮುಂದಿನ ಪಾಠವನ್ನು ತೆರೆಯುವಂತೆ ಮಾಡುವಷ್ಟು ಹಿಡಿತ ಅದಕ್ಕಿದೆ, ಅರವತ್ತು ದಾಟಿದ ವಿದ್ಯಾರ್ಥಿಗೆ ಅದು ಸಣ್ಣ ವಿಷಯವಲ್ಲ.

ಪ್ರವಾಸಿಗಳಿಗಾಗಿ ಮಾರುವ ನುಡಿಗಟ್ಟುಗಳ ಕಿರುಹೊತ್ತಗೆಗಳಿಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ ಒಂದೇ. ಕಿರುಹೊತ್ತಗೆ ನಮಗೆ ಪ್ರಶ್ನೆ ಕೇಳುವುದನ್ನು ಕಲಿಸುತ್ತದೆ. ಎದುರಿನವರು ಕೊಡುವ ಉತ್ತರಕ್ಕಾಗಲಿ, ಅವರೇ ತಿರುಗಿ ಕೇಳುವ ಪ್ರಶ್ನೆಗಾಗಲಿ ಅದರಲ್ಲಿ ಸಿದ್ಧತೆ ಇರುವುದಿಲ್ಲ. ಬೇಕರಿಯಲ್ಲಿ ‘ಎರಡು ಬ್ರೆಟ್ಸೆಲ್ ಕೊಡಿ’ ಎಂದು ಚೊಕ್ಕವಾಗಿ ಹೇಳಿದ ಮರುಕ್ಷಣವೇ ‘ಜೊನ್ಸ್ಟ್ ನೋಖ್ ಎಟ್ವಾಸ್?’ (ಇನ್ನೇನಾದರೂ ಬೇಕೆ?) ಎಂಬ ಪ್ರಶ್ನೆ ಬರುತ್ತದೆ. ಅದಕ್ಕೆ ‘ಡಾಸ್ ವಾರ್ಸ್’ (ಅಷ್ಟೇ ಸಾಕು) ಎಂದರೆ ‘ಬಾರ್ ಓಡರ್ ಮಿಟ್ ಕಾರ್ಟೆ?’, ನಗದೋ ಕಾರ್ಡೋ ಎನ್ನುತ್ತಾರೆ. ಹಣ ಕೊಟ್ಟ ಮೇಲೆ ರಸೀದಿ ಬೇಕೆ ಎಂಬ ಮತ್ತೊಂದು ಪ್ರಶ್ನೆ. ಹೋಟೆಲಿನಲ್ಲಿ ನೀರು ಕೇಳಿದರೆ ‘ಮಿಟ್ ಓಡರ್ ಓನೆ ಕೋಲೆನ್‌ಜೊಯ್ರೆ?’, ಅಂದರೆ ಗ್ಯಾಸ್ ತುಂಬಿದ್ದೋ ಇಲ್ಲದ್ದೋ; ಬಿಲ್ ಕೇಳಿದರೆ ‘ತ್ಸುಜಾಮೆನ್ ಓಡರ್ ಗೆಟ್ರೆಂಟ್?’, ಅಂದರೆ ಒಟ್ಟಿಗೋ ಬೇರೆ ಬೇರೆಯೋ. ಇಂಥ ಪ್ರಶ್ನೆಗಳು ಬೆರಳೆಣಿಕೆಯಷ್ಟೇ ಇವೆ, ದಿನವೂ ಅವೇ ಮರುಕಳಿಸುತ್ತವೆ. ‘ನಿಕೋಸ್ ವೇಗ್’ ಸಂಭಾಷಣೆಯ ಎರಡೂ ಕಡೆಯನ್ನು ಕೇಳಿಸುವುದರಿಂದ ಕಿವಿ ಇವುಗಳಿಗೆ ಪಳಗುತ್ತದೆ. ನಾವು ಅನುಸರಿಸಿದ ಕ್ರಮ ಸರಳವಾದದ್ದು: ಮೊದಲು ಬರಹವನ್ನು ನೋಡದೆ ಕೇಳುವುದು, ಆಮೇಲೆ ಬರಹದೊಂದಿಗೆ ಕೇಳುವುದು, ಕೊನೆಗೆ ಧ್ವನಿಯನ್ನು ನಿಲ್ಲಿಸಿ ಒಂದು ಪಾತ್ರದ ಮಾತನ್ನು ನಾನೂ ಇನ್ನೊಂದರ ಮಾತನ್ನು ಪತ್ನಿಯೂ ಹೇಳುವುದು. ಪಾಠ ಮುಗಿಸಿದೆವೆಂಬ ಹಸಿರು ಗುರುತಿಗಿಂತ ಈ ಕೊನೆಯ ಭಾಗದಿಂದ ಸಿಕ್ಕ ಪ್ರಯೋಜನವೇ ಹೆಚ್ಚು.

ವಿನಯದ ಮಾತುಗಳ ಬಳಕೆಯನ್ನೂ ದೃಶ್ಯದೊಳಗೇ ತೋರಿಸುವುದು ಇದರ ಗುಣ. ಯಾರಾದರೂ ಕಾಫಿ ಬೇಕೇ ಎಂದಾಗ ಬರಿದೆ ‘ಡಾಂಕೆ’ (ಧನ್ಯವಾದ) ಎಂದರೆ ಸಾಮಾನ್ಯವಾಗಿ ಬೇಡವೆಂದೇ ಅರ್ಥ. ಬೇಕಿದ್ದರೆ ‘ಯಾ, ಗೆರ್ನೆ’ ಎನ್ನಬೇಕು. ಇದನ್ನು ಪಟ್ಟಿಯಿಂದ ಕಲಿತವರು ಕಾಫಿಯಿಲ್ಲದೆಯೇ ಎದ್ದುಬರುವ ಸಂಭವವಿದೆ.

ಕನ್ನಡದವರಿಗೆ ಈ ಭಾಷೆ ಕೆಲವು ಕಡೆ ಇಂಗ್ಲಿಷಿಗಿಂತ ಹತ್ತಿರವಾಗಿ ತೋರುತ್ತದೆ. ಪಾಠಮಾಲೆಯಲ್ಲಿ ಕನ್ನಡದ ವಿವರಣೆ ಇಲ್ಲ. ನಾವು ಇಂಗ್ಲಿಷಿನ ಮೂಲಕವೇ ಓದಬೇಕು, ಹಾಗಾಗಿ ಈ ಹತ್ತಿರವನ್ನು ನಾವೇ ಕಂಡುಕೊಳ್ಳಬೇಕಾಗುತ್ತದೆ. ಹೊರಗಿನ ಹಿರಿಯರಿಗೂ ಅಪರಿಚಿತರಿಗೂ ‘ಜೀ’, ಆಪ್ತರಿಗೂ ಮಕ್ಕಳಿಗೂ ‘ಡು’ ಎಂಬ ಭೇದವನ್ನು ‘ನೀವು’, ‘ನೀನು’ ಎಂದು ಬೆಳೆದವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಎಕಾರ ಒಕಾರಗಳಲ್ಲಿ ಹ್ರಸ್ವ ದೀರ್ಘಗಳನ್ನು ಬೇರೆಯಾಗಿ ಉಚ್ಚರಿಸುವ ಅಭ್ಯಾಸವೂ ಇಲ್ಲಿ ನೆರವಿಗೆ ಬರುತ್ತದೆ: ‘ಡೆನ್’ ಮತ್ತು ‘ಡೇನ್’ ಜರ್ಮನ್ನಿನಲ್ಲಿ ಎರಡು ಬೇರೆ ಪದಗಳು, ನಮ್ಮ ಕಿವಿಗೆ ಆ ವ್ಯತ್ಯಾಸ ತಟ್ಟನೆ ತಿಳಿಯುತ್ತದೆ. ‘ಏಕೆಂದರೆ’ ಎಂದು ಶುರುವಾಗುವ ಉಪವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಹೋಗುವುದನ್ನು ಟಿಪ್ಪಣಿಗಳು ದೊಡ್ಡ ತೊಡಕೆಂಬಂತೆ ವಿವರಿಸುತ್ತವೆ. ನಮಗಾದರೋ ಕ್ರಿಯಾಪದ ಇನ್ನೆಲ್ಲಿಗೆ ಹೋಗಬೇಕು ಎನಿಸುತ್ತದೆ.

ನಿಜವಾದ ತೊಡಕು ಸಂಖ್ಯೆಗಳಲ್ಲಿದೆ. ಜರ್ಮನ್ನರು 21ನ್ನು ‘ಒಂದು ಮತ್ತು ಇಪ್ಪತ್ತು’ ಎಂಬ ಕ್ರಮದಲ್ಲಿ ಹೇಳುತ್ತಾರೆ. ಸಂಸ್ಕೃತದ ಏಕವಿಂಶತಿ, ದ್ವಾವಿಂಶತಿ ಬಾಯಿಪಾಠ ಇದ್ದವರಿಗೆ ಈ ಕ್ರಮ ಹೊಸದಲ್ಲ, ಆದರೂ ಅಂಗಡಿಯವರು ಬೆಲೆಯನ್ನು ಸರಸರನೆ ಹೇಳುವಾಗ 47 ಕೇಳಿ 74 ಎಂದು ತಿಳಿಯುವುದು ಸುಲಭ. ಸಮಯ ಇನ್ನೂ ಅಪಾಯಕಾರಿ: ‘ಹಾಲ್ಪ್ ಡ್ರೈ’ ಎಂದರೆ ಮೂರರತ್ತ ಅರ್ಧ, ಅಂದರೆ ಎರಡೂವರೆ, ಕನ್ನಡದ ಲೆಕ್ಕದಲ್ಲಿ ಮೂರೂವರೆ ಎಂದುಕೊಂಡರೆ ವೈದ್ಯರ ಭೇಟಿಯ ಹೊತ್ತು ಒಂದು ಗಂಟೆಯ ಹಿಂದೆಯೇ ಮುಗಿದಿರುತ್ತದೆ. ಪಾಠಮಾಲೆ ಇವೆರಡನ್ನೂ ಎ1 ಹಂತದಲ್ಲೇ ಕಲಿಸುತ್ತದೆ, ಆದರೆ ಅಭ್ಯಾಸದ ಪ್ರಮಾಣ ಸಾಲದು. ನಾವು ದಿನಸಿ ಅಂಗಡಿಯ ಹಳೆಯ ರಸೀದಿಗಳನ್ನು ಇಟ್ಟುಕೊಂಡು ಬೆಲೆಗಳನ್ನು ಗಟ್ಟಿಯಾಗಿ ಓದಿ ಆ ಕೊರತೆಯನ್ನು ತುಂಬಿಕೊಂಡೆವು.

ಕೊರತೆಗಳಲ್ಲಿ ಮೊದಲನೆಯದು ಉಚ್ಚಾರಣೆಗೆ ಸಂಬಂಧಿಸಿದ್ದು. ಓದುತ್ತಾ ಕೂತ ಒಬ್ಬ ವಿದ್ಯಾರ್ಥಿಗೆ ತನ್ನ ‘ಇಶ್’ (ನಾನು) ಸರಿಯಾಯಿತೇ, ಅಂಗಡಿಯವರಿಗೆ ಅರ್ಥವಾಗುವಂತಿದೆಯೇ ಎಂದು ಹೇಳುವವರು ಯಾರೂ ಇರುವುದಿಲ್ಲ. ‘ಊ’ ಎಂದು ತುಟಿಯನ್ನು ದುಂಡಗೆ ಮಾಡಿ ಒಳಗೆ ‘ಈ’ ಎನ್ನಬೇಕಾದ ಸ್ವರಕ್ಕೆ ನಮ್ಮಲ್ಲಿ ಅಕ್ಷರವಿಲ್ಲ. ಅದನ್ನು ಎದುರಿಗೆ ಕೂತು ತಿದ್ದುವವರು ಬೇಕು. ಬೆಂಗಳೂರಿನ ಇಂದಿರಾನಗರದಲ್ಲಿರುವ ಮ್ಯಾಕ್ಸ್ ಮುಲ್ಲರ್ ಭವನದಂಥ ಕಡೆ ತರಗತಿಗೆ ಸೇರುವುದರ ಮುಖ್ಯ ಲಾಭ ಇದೇ. ಸಂಗಾತಿಯನ್ನು ಸೇರಿಕೊಳ್ಳಲು ವೀಸಾ ಕೇಳುವವರು ಸಾಮಾನ್ಯವಾಗಿ ಎ1 ಪ್ರಮಾಣಪತ್ರ ತೋರಿಸಬೇಕಾಗುತ್ತದೆ; ಅಂಥವರಿಗೆ ತರಗತಿಯೇ ಸರಿ, ಈ ಪಾಠಮಾಲೆ ಅದರ ಜೊತೆಗಿನ ಅಭ್ಯಾಸಕ್ಕೆ ಒದಗುತ್ತದೆ.

ಎರಡನೆಯದು, ವಿಡಿಯೊಗಳಲ್ಲಿ ಕೇಳಿಸುವುದು ತಿಳಿಯಾದ ಶಿಷ್ಟ ಜರ್ಮನ್. ಸ್ಟುಟ್‌ಗಾರ್ಟ್ ಶ್ವಾಬಿಯಾ ಸೀಮೆಯ ನಗರ. ಮಂಗಳೂರಿನ ಗ್ರಂಥಸ್ಥ ಕನ್ನಡವನ್ನಷ್ಟೇ ಕೇಳಿದವರು ಧಾರವಾಡದ ಸಂತೆಗೆ ಹೋದಂತೆ, ‘ಎಟ್ವಾಸ್’ (ಏನಾದರೂ) ಎಂದು ಕಲಿತುಹೋದವರಿಗೆ ಅಲ್ಲಿನ ಹಿರಿಯರ ಬಾಯಲ್ಲಿ ‘ಎಬ್ಬೆಸ್’ ಕೇಳಿಸುತ್ತದೆ. ನಮಸ್ಕಾರಕ್ಕೆ ‘ಗೂಟೆನ್ ಟಾಕ್’ ಎಂದರೆ ತಪ್ಪೇನಿಲ್ಲ, ಆದರೆ ದಕ್ಷಿಣದಲ್ಲಿ ‘ಗ್ರೂಸ್ ಗಾಟ್’ ಎಂದರೆ ಮುಖ ಅರಳುತ್ತದೆ. ಬಾಡಿಗೆದಾರರು ಸರದಿಯಂತೆ ಮೆಟ್ಟಿಲು, ಓಣಿ ಗುಡಿಸಬೇಕಾದ ‘ಕೇರ್‌ವೊಖೆ’ ಎಂಬ ಪದ್ಧತಿಯ ಫಲಕ ಬಾಗಿಲಿಗೆ ನೇತುಬಿದ್ದಾಗ ಏನು ಮಾಡಬೇಕೆಂದು ಯಾವ ಸಾಮಾನ್ಯ ಪಾಠವೂ ಹೇಳಲಾರದು. ಅದನ್ನು ನೆರೆಯವರಿಂದಲೇ ತಿಳಿಯಬೇಕು. ತಿಳಿಯಲಿಕ್ಕೆ ‘ನೋಖ್ ಐನ್‌ಮಾಲ್, ಲಾಂಗ್ಸಾಮ್, ಬಿಟೆ’, ಅಂದರೆ ‘ಇನ್ನೊಮ್ಮೆ, ನಿಧಾನವಾಗಿ ಹೇಳಿ’ ಎಂಬ ಒಂದೇ ವಾಕ್ಯ ಸಾಕಾಗುತ್ತದೆ. ನನ್ನ ಅನುಭವದಲ್ಲಿ ಇಡೀ ಎ1 ಹಂತದಲ್ಲಿ ಅತಿ ಹೆಚ್ಚು ಕೆಲಸಕ್ಕೆ ಬಂದ ವಾಕ್ಯವೂ ಅದೇ.

ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ. ‘ಇಶ್ ಎಸ್ಸೆ ಕೈನ್ ಫ್ಲೈಶ್’ (ನಾನು ಮಾಂಸ ತಿನ್ನುವುದಿಲ್ಲ) ಎಂದಷ್ಟೇ ಕಲಿತು ಹೋದರೆ ಸಾಲದು. ಮೀನು, ಮೊಟ್ಟೆಗಳನ್ನು ಬೇರೆಯಾಗಿ ಹೆಸರಿಸಬೇಕು. ‘ಇಸ್ಟ್ ಡಾ ಫ್ಲೈಶ್ ಡ್ರಿನ್?’ (ಇದರೊಳಗೆ ಮಾಂಸ ಇದೆಯೇ?) ಎಂಬುದನ್ನು ಬಾಯಿಪಾಠ ಮಾಡಿಕೊಂಡು, ‘ಫ್ಲೈಶ್’ ಇದ್ದಲ್ಲಿ ‘ಐ’ ಎಂದು ಮೊಟ್ಟೆಗೆ, ‘ಶ್ಪೆಕ್’ ಎಂದು ಹಂದಿಯ ಕೊಬ್ಬಿನ ತುಣುಕಿಗೆ ಬದಲಿಸಿ ಕೇಳಬೇಕು. ಶ್ವಾಬಿಯಾದ ಹೋಟೆಲಿನ ತಿನಿಸುಗಳ ಪಟ್ಟಿಯಲ್ಲಿ ‘ಲಿನ್ಸೆನ್ ಮಿಟ್ ಶ್ಪೆಟ್ಸ್‌ಲೆ’, ಅಂದರೆ ಮಸೂರ ಮತ್ತು ಶಾವಿಗೆಯಂಥ ತಿನಿಸು ಎಂದು ಓದಿ ಹಿಗ್ಗಿದವರ ತಟ್ಟೆಗೆ ಅದರ ಜೊತೆಯಲ್ಲಿ ಸಾಸೇಜ್ ಬರುವುದು ಅಲ್ಲಿನ ವಾಡಿಕೆ. ಶ್ಪೆಟ್ಸ್‌ಲೆ ಹಿಟ್ಟಿಗೂ ಮೊಟ್ಟೆ ಹಾಕಿರುತ್ತಾರೆ. ಹೊರನೋಟಕ್ಕೆ ಕಡುಬಿನಂತಿರುವ ಮೌಲ್‌ಟಾಷೆನ್ ಒಳಗೆ ಸಾಮಾನ್ಯವಾಗಿ ಮಾಂಸದ ಹೂರಣವೇ ಇರುತ್ತದೆ.

ರೈಲು ನಿಲ್ದಾಣದ ಮಾತುಗಳಲ್ಲಿ ಓದಿಗಿಂತ ಕೇಳುವುದು ಮುಖ್ಯ. ಪ್ಲಾಟ್‌ಫಾರ್ಮಿಗೆ ‘ಗ್ಲೈಸ್’, ತಡಕ್ಕೆ ‘ಫೆರ್‌ಶ್ಪೇಟುಂಗ್’, ರೈಲು ಬದಲಿಸುವುದಕ್ಕೆ ‘ಉಮ್‌ಶ್ಟೈಗೆನ್’. ಈ ಮೂರನ್ನು ಗದ್ದಲದ ನಡುವೆ ಗುರುತಿಸಲು ಬಂದರೆ ಉಳಿದದ್ದು ಫಲಕ ನೋಡಿ ತಿಳಿಯುತ್ತದೆ. ಧ್ವನಿವರ್ಧಕದಲ್ಲಿ ‘ಫೆಲ್ಟ್ ಔಸ್’ ಎಂದು ಕೇಳಿದರೆ ಆ ರೈಲು ಬರುವುದೇ ಇಲ್ಲ.

ಇದರ ಜೊತೆಗೆ ನಾನು ಚಂದಾ ಕಟ್ಟಿದ ಇನ್ನೊಂದು ಆ್ಯಪ್ ಇತ್ತು. ಅಂಕ, ಪದಕ, ಸತತ ದಿನಗಳ ಲೆಕ್ಕ ಎಲ್ಲವೂ ಅದರಲ್ಲಿದ್ದವು. ನಿತ್ಯ ಜೀವನದಲ್ಲಿ ಯಾರೂ ಆಡದ ವಾಕ್ಯಗಳೂ ಧಾರಾಳವಾಗಿದ್ದವು. ಪದಗಳು ನೆನಪಿನಲ್ಲಿ ಉಳಿಯಲು ಅದು ಸ್ವಲ್ಪ ಸಹಾಯ ಮಾಡಿತು, ಮಾತಾಡಲು ಮಾಡಲಿಲ್ಲ. ಚಂದಾ ಮುಗಿದ ಮೇಲೆ ನಾನು ಮುಂದುವರಿಸಲಿಲ್ಲ.

ಎ1 ಮುಗಿಸಿ ಎ2ಕ್ಕೆ ಹೋಗಬೇಕೇ ಎಂಬುದು ಅಲ್ಲಿರುವ ಉದ್ದೇಶವನ್ನು ಅವಲಂಬಿಸಿದೆ. ಭೂತಕಾಲದ ಮಾತು ಬಾರದೆ ‘ನಿನ್ನೆ ಎಲ್ಲಿಗೆ ಹೋಗಿದ್ದಿರಿ’ ಎಂಬ ಸರಳ ಹರಟೆಯೂ ಸಾಧ್ಯವಾಗದ ಕಾರಣ, ನೆರೆಯವರೊಡನೆ ಒಡನಾಟ ಬಯಸುವವರು ಎ2ದ ಅರ್ಧದವರೆಗಾದರೂ ಹೋಗಬೇಕು. ಬಿ1 ಹಂತದಲ್ಲಿ ಉದ್ಯೋಗ, ಶಿಕ್ಷಣದಂಥ ವಿಷಯಗಳು ಬರುತ್ತವೆ. ನಮ್ಮಂಥ ಅಜ್ಜ ಅಜ್ಜಿಯರಿಗೆ ಅದರ ಅಗತ್ಯ ಕಾಣಲಿಲ್ಲ. ಹೊರಡಲು ಒಂದೇ ತಿಂಗಳಿದ್ದರೆ ಕಥೆಯ ಕ್ರಮವನ್ನು ಬಿಟ್ಟು ಸಂಖ್ಯೆ, ಸಮಯ, ಅಂಗಡಿ, ಊಟ, ದಾರಿ ಕೇಳುವುದು ಇವುಗಳ ಪಾಠಗಳನ್ನಷ್ಟೇ ಆರಿಸಿಕೊಳ್ಳಬಹುದು.

ಆರೋಗ್ಯದ ವಿಷಯಕ್ಕೆ ಮಾತ್ರ ಯಾವ ಪಾಠಮಾಲೆಯನ್ನೂ ನೆಚ್ಚಬಾರದು. ನಮ್ಮ ಕಾಯಿಲೆಗಳು, ತೆಗೆದುಕೊಳ್ಳುವ ಮಾತ್ರೆಗಳ ಮೂಲ ಹೆಸರುಗಳು, ಒಗ್ಗದ ಔಷಧಿಗಳು ಇವನ್ನು ಮಗಳಿಂದ ಜರ್ಮನ್ನಿನಲ್ಲಿ ಬರೆಸಿ, ಇಬ್ಬರೂ ಒಂದೊಂದು ಚೀಟಿಯನ್ನು ಪರ್ಸಿನಲ್ಲಿ ಇಟ್ಟುಕೊಂಡಿದ್ದೇವೆ. ಆಂಬುಲೆನ್ಸ್ ಮತ್ತು ಅಗ್ನಿಶಾಮಕಕ್ಕೆ 112, ಪೊಲೀಸರಿಗೆ 110, ಪ್ರಾಣಾಪಾಯವಿಲ್ಲದಿದ್ದರೂ ರಾತ್ರಿ ಅಥವಾ ರಜಾದಿನದಲ್ಲಿ ವೈದ್ಯರು ಬೇಕಾದರೆ 116117. ಈ ಅಂಕಿಗಳನ್ನೂ ಮನೆಯ ವಿಳಾಸವನ್ನೂ ಫೋನಿನಲ್ಲಿ ಜರ್ಮನ್ ಉಚ್ಚಾರಣೆಯಲ್ಲಿ ಹೇಳುವುದನ್ನು ಮೈಸೂರಿನಲ್ಲಿದ್ದಾಗಲೇ ಅಭ್ಯಾಸ ಮಾಡಿಕೊಳ್ಳುವುದು ಒಳ್ಳೆಯದು. ಎರಡು ಎಂಬುದು ಮೂರರ ಜೊತೆ ಗೊಂದಲವಾಗದಂತೆ ಫೋನಿನಲ್ಲಿ ‘ತ್ಸ್ವೈ’ ಬದಲು ‘ತ್ಸ್ವೋ’ ಎನ್ನುವುದು ಅಲ್ಲಿನ ರೂಢಿ.