ಗಡಿ ದಾಟುವ ಲ್ಯಾಪ್‌ಟಾಪಿಗೆ ಯಾವ ಸಿನಿಮಾ? ಡೌನ್‌ಲೋಡ್ ಸೇವೆಗಳ ವಿಮರ್ಶೆ

ದೂರದ ಪ್ರಯಾಣಕ್ಕೆ ಹೊರಡುವ ಮುನ್ನ ಲ್ಯಾಪ್‌ಟಾಪಿಗೆ ನಾಲ್ಕಾರು ಸಿನಿಮಾ ತುಂಬಿಕೊಳ್ಳುವ ರೂಢಿ ಬಹಳ ಜನರಿಗಿದೆ. ಆದರೆ ಆ ಸಿನಿಮಾಗಳು ಎಲ್ಲಿಂದ ಬಂದವು, ಗಡಿಯಾಚೆ ಅವು ತೆರೆದುಕೊಳ್ಳುತ್ತವೆಯೇ, ಕಸ್ಟಮ್ಸ್ ಅಧಿಕಾರಿ ಕೇಳಿದರೆ ಹೇಳುವುದಕ್ಕೆ ನಮ್ಮ ಬಳಿ ಉತ್ತರವಿದೆಯೇ ಎಂಬುದನ್ನು ಹೊರಡುವ ಮುನ್ನ ಯೋಚಿಸುವವರು ಕಡಿಮೆ. ಚಂದಾ ಸೇವೆಗಳ ಡೌನ್‌ಲೋಡ್ ಸೌಲಭ್ಯ, ಡಿಜಿಟಲ್ ಅಂಗಡಿಯಿಂದ ಕೊಂಡ ಇಲ್ಲವೇ ಬಾಡಿಗೆಗೆ ಪಡೆದ ಚಿತ್ರ, ಸ್ವಂತ ಡಿಸ್ಕಿನಿಂದ ಮಾಡಿಕೊಂಡ ನಕಲು, ಈ ಮೂರನ್ನೂ ಗಡಿ ದಾಟುವವರ ಕಣ್ಣಿನಿಂದ ತೂಗಿ ನೋಡಿ ಈ ವಿಮರ್ಶೆ ಬರೆಯುತ್ತಿದ್ದೇನೆ. ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ: ಹಣ ಕೊಟ್ಟು ಕೊಂಡು, ಮನೆಯಲ್ಲಿಯೇ ಪೂರ್ತಿ ಇಳಿಸಿಕೊಂಡ ಚಿತ್ರವೇ ಪ್ರಯಾಣಕ್ಕೆ ಎಲ್ಲಕ್ಕಿಂತ ಮೇಲು. ಚಂದಾ ಸೇವೆಯ ಡೌನ್‌ಲೋಡ್ ದಾರಿಯ ಹೊತ್ತು ಕಳೆಯಲು ಸಾಕು, ತಲುಪಿದ ಊರಿನಲ್ಲಿ ಅದನ್ನು ನೆಚ್ಚಿಕೊಳ್ಳುವಂತಿಲ್ಲ.

ಅಧಿಕಾರಿಗಳ ಬಗೆಗಿನ ಭಯದಿಂದಲೇ ಆರಂಭಿಸುತ್ತೇನೆ, ಏಕೆಂದರೆ ನಕಲು ಸಿನಿಮಾ ಎಂದೊಡನೆ ಮೊದಲು ಮೂಡುವ ಪ್ರಶ್ನೆ ಅದೇ. 2008ರಲ್ಲಿ ಶುರುವಾದ ಆಕ್ಟಾ ಎಂಬ ನಕಲಿ ಸರಕು ವಿರೋಧಿ ಒಪ್ಪಂದದ ಮಾತುಕತೆಗಳು ಗುಟ್ಟಾಗಿ ನಡೆಯುತ್ತಿದ್ದ ಕಾಲದಲ್ಲಿ, ವಿಮಾನ ನಿಲ್ದಾಣಗಳಲ್ಲಿ ಪ್ರತಿಯೊಬ್ಬರ ಲ್ಯಾಪ್‌ಟಾಪನ್ನೂ ಮ್ಯೂಸಿಕ್ ಪ್ಲೇಯರನ್ನೂ ತೆರೆಸಿ ಕಳ್ಳಪ್ರತಿಗಳಿಗಾಗಿ ಜಾಲಾಡುತ್ತಾರೆ ಎಂಬ ಆತಂಕ ಜಗತ್ತಿನಾದ್ಯಂತ ಹಬ್ಬಿತ್ತು. 2011ರಲ್ಲಿ ಟೋಕಿಯೊದಲ್ಲಿ ಸಹಿಯಾದ ಅಂತಿಮ ಪಠ್ಯದಲ್ಲಿ ಮಾತ್ರ, ಪ್ರಯಾಣಿಕರು ತಮ್ಮ ವೈಯಕ್ತಿಕ ಸಾಮಾನಿನಲ್ಲಿ ತರುವ, ವ್ಯಾಪಾರದ ಉದ್ದೇಶವಿಲ್ಲದ ಅಲ್ಪ ಪ್ರಮಾಣದ ಸರಕನ್ನು ತಪಾಸಣೆಯ ನಿಯಮಗಳಿಂದ ಹೊರಗಿಡಲು ದೇಶಗಳಿಗೆ ಅವಕಾಶ ಕೊಡಲಾಗಿತ್ತು. 2012ರ ಜುಲೈ 4ರಂದು ಯುರೋಪಿಯನ್ ಸಂಸತ್ತು 478ಕ್ಕೆ 39 ಮತಗಳಿಂದ ಒಪ್ಪಂದವನ್ನು ತಳ್ಳಿಹಾಕಿತು. ಅದು ಜಾರಿಗೆ ಬರಲೇ ಇಲ್ಲ. ಇಂಥದೇ ವಿನಾಯಿತಿ 1995ರಿಂದ ಜಾರಿಯಲ್ಲಿರುವ ವಿಶ್ವ ವ್ಯಾಪಾರ ಸಂಘಟನೆಯ, ಬೌದ್ಧಿಕ ಆಸ್ತಿ ಹಕ್ಕುಗಳ ಕುರಿತಾದ ಟ್ರಿಪ್ಸ್ ಒಪ್ಪಂದದ 60ನೇ ವಿಧಿಯಲ್ಲಿಯೂ ಇದೆ.

ಈ ವಿಧಿಯನ್ನು ಓದುವಾಗ ಒಂದು ಎಚ್ಚರ ಬೇಕು. ದೇಶಗಳು ವಿನಾಯಿತಿ ಕೊಡಬಹುದು ಎನ್ನುತ್ತದೆಯೇ ಹೊರತು ಕೊಡಲೇಬೇಕೆಂದು ಅದು ಕಟ್ಟಳೆ ಹಾಕುವುದಿಲ್ಲ. ಅಮೆರಿಕದ ಕೃತಿಸ್ವಾಮ್ಯ ಕಾಯ್ದೆಯ 602ನೇ ಸೆಕ್ಷನ್ ಸ್ವಂತ ಸಾಮಾನಿನ ಭಾಗವಾಗಿ ತರುವ ಪ್ರತಿಗಳಿಗೆ ಸ್ಪಷ್ಟ ವಿನಾಯಿತಿ ನೀಡುತ್ತದಾದರೂ, ಅದು ಆಮದಿನ ವಿಷಯಕ್ಕಷ್ಟೇ ಸೀಮಿತವಾದ ಮಾತು; ಅನುಮತಿಯಿಲ್ಲದೆ ಮಾಡಿದ ನಕಲು ಗಡಿ ದಾಟಿದ ಮಾತ್ರಕ್ಕೆ ಸಕ್ರಮವಾಗುವುದಿಲ್ಲ. ಒಂದೇ ಚಿತ್ರದ ಪ್ರತಿಗಳನ್ನು ಹತ್ತಾರು ಪೆನ್‌ಡ್ರೈವ್‌ಗಳಲ್ಲಿ ಹೊತ್ತವರಂತೂ ಸ್ವಂತ ಬಳಕೆಯ ಮಾತನ್ನು ಎತ್ತುವಂತೆಯೇ ಇಲ್ಲ.

ಹಾಗೆಂದು ಲ್ಯಾಪ್‌ಟಾಪನ್ನು ಯಾರೂ ತೆರೆಸುವುದಿಲ್ಲವೆಂದಲ್ಲ. ಅಮೆರಿಕದ ಗಡಿ ಇಲಾಖೆ 2018ರ ಜನವರಿಯಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ, ಅಧಿಕಾರಿ ಯಾವ ಅನುಮಾನವೂ ಇಲ್ಲದೆ ಸಾಧನವನ್ನು ಕೈಯಲ್ಲಿ ಹಿಡಿದು ಫೈಲುಗಳನ್ನು ನೋಡಬಹುದು; ಬೇರೆ ಯಂತ್ರಕ್ಕೆ ಜೋಡಿಸಿ ಒಳಗಿನದನ್ನು ನಕಲು ಮಾಡಿಕೊಳ್ಳುವಂಥ ಆಳವಾದ ತಪಾಸಣೆಗೆ ಸಕಾರಣ ಅನುಮಾನ ಇಲ್ಲವೇ ರಾಷ್ಟ್ರೀಯ ಭದ್ರತೆಯ ಕಾಳಜಿಯ ಜೊತೆಗೆ ಮೇಲಧಿಕಾರಿಯ ಒಪ್ಪಿಗೆಯೂ ಬೇಕು. ಇಲಾಖೆಯೇ ಹೇಳುವಂತೆ ಹೀಗೆ ಸಾಧನ ತಪಾಸಣೆಗೆ ಒಳಗಾಗುವವರು ಬರುವ ಪ್ರಯಾಣಿಕರಲ್ಲಿ ಶೇಕಡಾ 0.01ಕ್ಕಿಂತ ಕಡಿಮೆ. ನ್ಯೂಜಿಲೆಂಡಿನಲ್ಲಿ 2018ರ ಕಾಯ್ದೆ ಜಾರಿಯಾದಂದಿನಿಂದ, ಕಾನೂನುಬದ್ಧವಾಗಿ ಕೇಳಿದಾಗ ಪಾಸ್‌ವರ್ಡ್ ಕೊಡಲು ನಿರಾಕರಿಸಿದವರಿಗೆ 5,000 ನ್ಯೂಜಿಲೆಂಡ್ ಡಾಲರ್‌ವರೆಗೆ ದಂಡ ಬೀಳಬಹುದು. ಈ ತಪಾಸಣೆಗಳ ಗುರಿ ಮುಖ್ಯವಾಗಿ ಮಕ್ಕಳ ಮೇಲಿನ ದೌರ್ಜನ್ಯದ ಚಿತ್ರಗಳು, ಕಳ್ಳಸಾಗಣೆ ಮತ್ತು ಭದ್ರತೆ. ಯಾರದೋ ಲ್ಯಾಪ್‌ಟಾಪಿನಲ್ಲಿರುವ ಹಾಸ್ಯಚಿತ್ರವನ್ನು ಹುಡುಕುವ ವ್ಯವಧಾನ ಯಾವ ಅಧಿಕಾರಿಗೂ ಇರಲಾರದು.

ನಿಜವಾದ ಅಪಾಯ ಕೃತಿಸ್ವಾಮ್ಯಕ್ಕಿಂತ ಚಿತ್ರದ ವಸ್ತುವಿನಲ್ಲಿದೆ, ಮತ್ತು ಅದನ್ನು ಬಹಳ ಜನ ಗಮನಿಸುವುದಿಲ್ಲ. ಒಂದು ದೇಶದಲ್ಲಿ ಸಕ್ರಮವಾಗಿ ಕೊಂಡ ವಯಸ್ಕರ ಚಿತ್ರ ಸಿಂಗಪುರದಲ್ಲಿ ಅಶ್ಲೀಲ ಚಿತ್ರವನ್ನು ಇಟ್ಟುಕೊಂಡ ಅಪರಾಧವಾಗಬಹುದು. ಸಂಯುಕ್ತ ಅರಬ್ ಎಮಿರೇಟ್ಸಿಗೆ ಅಂಥದನ್ನು ಒಯ್ಯುವುದೇ ನಿಷಿದ್ಧ. ಉತ್ತರ ಕೊರಿಯಾ ತನ್ನ ಪ್ರಜೆಗಳಿಗೆ ದಕ್ಷಿಣ ಕೊರಿಯಾದ ಚಿತ್ರ ಮತ್ತು ಧಾರಾವಾಹಿಗಳನ್ನು ನೋಡುವುದಕ್ಕೂ ಹಂಚುವುದಕ್ಕೂ 2020ರ ಕಾಯ್ದೆಯಲ್ಲಿ ಅತಿ ಕಠಿಣ ಶಿಕ್ಷೆ ಇಟ್ಟಿದೆ. ಇಂಥ ಕಡೆಗಳಲ್ಲಿ ಬಿಲ್ಲು ತೋರಿಸಿ ಪ್ರಯೋಜನವಿಲ್ಲ. ಹೋಗುವ ದೇಶದ ಸೆನ್ಸಾರ್ ನಿಯಮವನ್ನು ತಿಳಿದುಕೊಂಡು, ಸಂಶಯವಿರುವ ಚಿತ್ರವನ್ನು ಮನೆಯಲ್ಲಿಯೇ ಬಿಟ್ಟು ಹೊರಡುವುದು ಮೇಲು.

ಇನ್ನು ಸೇವೆಗಳಿಗೆ ಬರೋಣ. ನೆಟ್‌ಫ್ಲಿಕ್ಸ್ ಡೌನ್‌ಲೋಡ್ ಸೌಲಭ್ಯವನ್ನು ತಂದದ್ದು 2016ರ ನವೆಂಬರ್‌ನಲ್ಲಿ. ಪ್ರಯಾಣಿಕರಿಗೆ ಅದು ದೊಡ್ಡ ಉಪಕಾರವಾಯಿತೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಲ್ಯಾಪ್‌ಟಾಪ್ ಬಳಸುವವರಿಗೆ ಆ ಉಪಕಾರ ಈಗ ಉಳಿದಿಲ್ಲ: ಮ್ಯಾಕ್ ಕಂಪ್ಯೂಟರಿಗೆ ಅದು ಎಂದೂ ಸಿಗಲಿಲ್ಲ, ವಿಂಡೋಸ್ ಆ್ಯಪ್‌ನಲ್ಲಿ ಇದ್ದದ್ದನ್ನು 2024ರಲ್ಲಿ ತೆಗೆದುಹಾಕಲಾಯಿತು. ಈಗ ಅದು ಹೆಚ್ಚಾಗಿ ಫೋನು ಮತ್ತು ಟ್ಯಾಬ್ಲೆಟ್‌ಗಳ ಸೌಲಭ್ಯ. ಪ್ರೈಮ್ ವಿಡಿಯೊ 2020ರಲ್ಲಿ ವಿಂಡೋಸಿಗೂ 2021ರಲ್ಲಿ ಮ್ಯಾಕ್‌ಗೂ ಡೌನ್‌ಲೋಡ್ ಸಹಿತವಾದ ಆ್ಯಪ್ ತಂದು ಈ ಕೊರತೆಯನ್ನು ಸ್ವಲ್ಪ ತುಂಬಿತು. ಇಂಥ ಸೌಲಭ್ಯಗಳು ಒಂದು ಅಪ್‌ಡೇಟಿನಲ್ಲಿ ಬಂದು ಇನ್ನೊಂದರಲ್ಲಿ ಹೋಗುವುದರಿಂದ, ಹೊರಡುವ ವಾರ ಲ್ಯಾಪ್‌ಟಾಪಿನಲ್ಲಿ ಡೌನ್‌ಲೋಡ್ ಗುಂಡಿ ಇನ್ನೂ ಇದೆಯೇ ಎಂದು ನೋಡಿಕೊಳ್ಳುವುದು ಕ್ಷೇಮ.

ಚಂದಾ ಸೇವೆಯಿಂದ ಇಳಿಸಿಕೊಂಡದ್ದು ಚಿತ್ರವಲ್ಲ, ಬೀಗ ಹಾಕಿದ ಫೈಲು ಮತ್ತು ಅದನ್ನು ತೆರೆಯಲು ಕೆಲವು ದಿನಗಳ ಪರವಾನಗಿ. ನೆಟ್‌ಫ್ಲಿಕ್ಸಿನ ಕೆಲವು ಚಿತ್ರಗಳ ಅವಧಿ ಒಮ್ಮೆ ಪ್ಲೇ ಒತ್ತಿದ 48 ಗಂಟೆಗಳಲ್ಲಿ ಮುಗಿಯುತ್ತದೆ. ಬೇರೆ ದೇಶದ ಇಂಟರ್‌ನೆಟ್‌ಗೆ ಸೇರಿದ ಮೇಲೆ, ಅಲ್ಲಿ ಆ ಚಿತ್ರದ ಹಕ್ಕು ಸಂಸ್ಥೆಗೆ ಇಲ್ಲದಿದ್ದರೆ ಅದು ತೆರೆಯದೆಯೂ ಇರಬಹುದು. ಇದು ಕಣ್ಣೆದುರು ಹೇಗೆ ಕಾಣುತ್ತದೆಂಬುದನ್ನು ನಾನು ಒಂದು ಸೇವೆಯಲ್ಲಿ ಸಮೀಪದಿಂದ ನೋಡಿದ್ದೇನೆ. ವಿಮಾನದಲ್ಲಿ ಅರ್ಧದವರೆಗೆ ನಿರಾತಂಕವಾಗಿ ಓಡಿದ್ದ ಚಿತ್ರ, ಹೋಟೆಲಿನ ವೈಫೈಗೆ ಲ್ಯಾಪ್‌ಟಾಪ್ ಸೇರಿದ ಕೆಲವೇ ಕ್ಷಣಗಳಲ್ಲಿ ಪಟ್ಟಿಯಲ್ಲಿ ಮಂಕಾಯಿತು. ಪಕ್ಕದಲ್ಲಿ ಆಶ್ಚರ್ಯಸೂಚಕ ಚಿಹ್ನೆ ಮೂಡಿತು. ಒತ್ತಿದಾಗ ಈ ಪ್ರದೇಶದಲ್ಲಿ ಲಭ್ಯವಿಲ್ಲವೆಂಬ ಒಂದು ಸಾಲು ಬಂತು. ಫೈಲು ಡಿಸ್ಕಿನಲ್ಲಿ ಜಾಗ ಹಿಡಿದುಕೊಂಡೇ ಇತ್ತು, ಚಂದಾ ಕಟ್ಟಿಯೇ ಇತ್ತು, ಆದರೂ ಉಳಿದರ್ಧ ಸಿಗಲಿಲ್ಲ. ತಾಂತ್ರಿಕವಾಗಿ ಇದಕ್ಕೆ ಕಾರಣವಿದೆ: ವಿತರಣಾ ಹಕ್ಕುಗಳು ದೇಶವಾರು ಮಾರಾಟವಾಗುತ್ತವೆ, ಆ್ಯಪ್ ಇಂಟರ್‌ನೆಟ್‌ಗೆ ಸೇರಿದೊಡನೆ ತಾನಿರುವ ದೇಶವನ್ನು ಸರ್ವರಿಗೆ ತಿಳಿಸುತ್ತದೆ. ಕಾರಣ ಅರ್ಥವಾಗುತ್ತದೆ, ಆದರೆ ಪ್ರಯಾಣಕ್ಕೆಂದೇ ಮಾಡಿದ ಸೌಲಭ್ಯ ಪ್ರಯಾಣದ ನಡುವೆಯೇ ಕೈಬಿಡುವುದನ್ನು ನಾನು ಗಂಭೀರ ದೋಷವೆಂದೇ ಎಣಿಸುತ್ತೇನೆ.

ಇದು ಬೇರೆ ರೀತಿ ಇರಬಹುದೆಂಬುದಕ್ಕೆ ಯುರೋಪ್ ಸಾಕ್ಷಿ. 2018ರ ಏಪ್ರಿಲ್ 1ರಿಂದ ಜಾರಿಯಾದ ನಿಯಮದಂತೆ, ಐರೋಪ್ಯ ಒಕ್ಕೂಟದ ಒಂದು ದೇಶದಲ್ಲಿ ಹಣ ಕಟ್ಟಿದ ಚಂದಾದಾರ ಒಕ್ಕೂಟದ ಮತ್ತೊಂದು ದೇಶಕ್ಕೆ ತಾತ್ಕಾಲಿಕವಾಗಿ ಹೋದಾಗ, ಸ್ವದೇಶದಲ್ಲಿ ಸಿಗುವ ಅದೇ ಚಿತ್ರಗಳನ್ನು ಸೇವೆ ಹೆಚ್ಚುವರಿ ಶುಲ್ಕವಿಲ್ಲದೆ ಒದಗಿಸಲೇಬೇಕು. ಕಾನೂನು ಚಂದಾದಾರ ತಾತ್ಕಾಲಿಕವಾಗಿ ಇರುವ ಸ್ಥಳವನ್ನು ಅವನ ಸ್ವದೇಶವೆಂದೇ ಪರಿಗಣಿಸುತ್ತದೆ, ಹಾಗಾಗಿ ಹಕ್ಕುದಾರರ ಒಪ್ಪಂದಗಳು ಅಡ್ಡಬರುವುದಿಲ್ಲ. ಒಕ್ಕೂಟದ ಹೊರಗಿನ ಬಹುತೇಕ ದೇಶಗಳಲ್ಲಿ ಈ ರಕ್ಷಣೆ ಇಲ್ಲ. ಜಗತ್ತಿನ ಉಳಿದ ಭಾಗದಲ್ಲಿಯೂ ಇಂಥ ನಿಯಮ ಬರಬೇಕೆಂಬುದು ನನ್ನ ಬಲವಾದ ಅಭಿಪ್ರಾಯ. ಜನ ಕಳ್ಳಪ್ರತಿಯ ಕಡೆಗೆ ವಾಲುವುದಕ್ಕೆ ದುರಾಸೆಗಿಂತ ಇಂಥ ನಿರಾಶೆಯೇ ಎಷ್ಟೋ ಸಲ ಕಾರಣ.

ಡಿಜಿಟಲ್ ಅಂಗಡಿಗಳಲ್ಲಿ ಆಪಲ್‌ನದನ್ನು ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. ಮ್ಯಾಕ್ ಮತ್ತು ವಿಂಡೋಸ್ ಎರಡರಲ್ಲಿಯೂ ಅದರ ಆ್ಯಪ್ ಇದೆ, ಚಿತ್ರವನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳಬಹುದು. ಬಾಡಿಗೆ ಚಿತ್ರವನ್ನು 30 ದಿನಗಳೊಳಗೆ ಶುರುಮಾಡಬೇಕು, ಶುರುಮಾಡಿದ ಮೇಲೆ ಸಾಮಾನ್ಯವಾಗಿ 48 ಗಂಟೆಗಳಲ್ಲಿ ಮುಗಿಸಬೇಕು. ಕೊಂಡ ಚಿತ್ರಕ್ಕೆ ಇಂಥ ಗಡಿಯಾರವಿಲ್ಲ. ಇಲ್ಲಿಯೂ ಬೀಗ ಇದೆ, ಖಾತೆ ಒಂದು ದೇಶಕ್ಕೆ ಅಂಟಿಕೊಂಡಿರುತ್ತದೆ, ಹಕ್ಕು ಬದಲಾದರೆ ಅಂಗಡಿಯಿಂದ ಚಿತ್ರ ಮಾಯವಾಗಲೂಬಹುದು. ಆದ್ದರಿಂದಲೇ ಕೊಂಡ ಕೂಡಲೇ ಫೈಲನ್ನು ಇಳಿಸಿಟ್ಟುಕೊಳ್ಳಬೇಕೆನ್ನುತ್ತೇನೆ. ಇಳಿಸಿಕೊಂಡ ಮೇಲೆ ಒಮ್ಮೆ ಪ್ಲೇ ಒತ್ತಿ ಒಂದೆರಡು ನಿಮಿಷ ನೋಡಿ, ಇಂಟರ್‌ನೆಟ್ ಆರಿಸಿ ಮತ್ತೆ ತೆರೆದು ನೋಡಬೇಕು. ಬಾಡಿಗೆ ಚಿತ್ರಕ್ಕೆ ಮಾತ್ರ ಈ ಪರೀಕ್ಷೆ ಮಾಡಬಾರದು, ಒತ್ತಿದ ಕ್ಷಣದಿಂದಲೇ ಅದರ 48 ಗಂಟೆ ಎಣಿಕೆ ಆರಂಭವಾಗುತ್ತದೆ. ಹಣದ ಲೆಕ್ಕದಲ್ಲಿ ಕೊಳ್ಳುವುದು ಚಂದಾಗಿಂತ ದುಬಾರಿ, ಆದರೂ ಮತ್ತೆ ಮತ್ತೆ ನೋಡುವ ಚಿತ್ರಗಳಿಗೆ ಅದು ಸಲ್ಲುವ ಬೆಲೆ. ಬಿಲ್ಲು ಇಮೇಲಿನಲ್ಲಿ ಉಳಿಯುವುದರಿಂದ ಯಾರಾದರೂ ಕೇಳಿದರೆ ತೋರಿಸುವುದಕ್ಕೂ ದಾಖಲೆ ಇರುತ್ತದೆ.

ಮೂರನೆಯದು ಸ್ವಂತ ಡಿಸ್ಕಿನ ನಕಲು. ಹಣ ಕೊಟ್ಟು ಕೊಂಡ ಡಿವಿಡಿಯನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡರೆ ತಪ್ಪೇನು ಎಂಬ ವಾದ ನೈತಿಕವಾಗಿ ನನಗೆ ಒಪ್ಪಿಗೆಯೇ. ಕಾನೂನು ಮಾತ್ರ ದೇಶಕ್ಕೊಂದು ದಾರಿ ಹಿಡಿದಿದೆ. ಡಿವಿಡಿಯ ಮೇಲಿನ, ನಕಲು ತಡೆಯುವ ಸಿಎಸ್‌ಎಸ್ ಬೀಗವನ್ನು ಒಡೆಯುವುದನ್ನೇ ಅಮೆರಿಕದ 1998ರ ಡಿಎಂಸಿಎ ಎಂಬ ಕೃತಿಸ್ವಾಮ್ಯ ಕಾಯ್ದೆ ನಿಷೇಧಿಸುತ್ತದೆ. ಕೆನಡಾ 2012ರಲ್ಲಿ ಸ್ವಂತ ಬಳಕೆಯ ನಕಲಿಗೆ ಒಪ್ಪಿತಾದರೂ ಬೀಗ ಒಡೆಯಬಾರದೆಂಬ ಷರತ್ತು ಹಾಕಿತು, ಹಾಗಾಗಿ ಬೀಗವಿರುವ ಡಿವಿಡಿಗೆ ಆ ಒಪ್ಪಿಗೆಯಿಂದ ಪ್ರಯೋಜನವಿಲ್ಲ. ಬ್ರಿಟನ್ 2014ರ ಅಕ್ಟೋಬರ್‌ನಲ್ಲಿ ವೈಯಕ್ತಿಕ ನಕಲಿಗೆ ಅನುಮತಿ ಕೊಟ್ಟಿತು, 2015ರ ಜುಲೈನಲ್ಲಿ ಅಲ್ಲಿನ ಹೈಕೋರ್ಟ್ ಅದನ್ನು ರದ್ದುಮಾಡಿತು. ಒಂದೇ ಫೈಲು ಒಂದು ವಿಮಾನಯಾನದ ಎರಡು ತುದಿಗಳಲ್ಲಿ ಎರಡು ಬಗೆಯ ವಸ್ತುವಾಗಬಲ್ಲದು.

ಡಿಸ್ಕನ್ನೇ ಒಯ್ದರೆ ಕಾನೂನಿನ ತೊಡಕಿಲ್ಲ, ಆದರೆ ವಲಯದ ತೊಡಕಿದೆ: ಒಂದು ವಲಯಕ್ಕೆಂದು ಮಾಡಿದ ಡಿಸ್ಕು ಬೇರೆ ವಲಯಕ್ಕೆ ಹೊಂದಿಸಿದ ಡ್ರೈವಿನಲ್ಲಿ ಓಡುವುದಿಲ್ಲ. ಡಿವಿಡಿಗಳಿಗೆ ಜಗತ್ತನ್ನು ಆರು ಮುಖ್ಯ ವಲಯಗಳಾಗಿ ಹಂಚಿದ್ದಾರೆ, ಬ್ಲೂರೇಗೆ ಎ, ಬಿ, ಸಿ ಎಂಬ ಮೂರು ವಲಯಗಳಿವೆ. ಲ್ಯಾಪ್‌ಟಾಪಿನ ಡಿವಿಡಿ ಡ್ರೈವಿನ ವಲಯವನ್ನು ಐದು ಸಲ ಮಾತ್ರ ಬದಲಿಸಬಹುದು. ವಿಂಡೋಸಿನಲ್ಲಿ ಡ್ರೈವಿನ ಪ್ರಾಪರ್ಟೀಸ್ ತೆರೆದರೆ ಇನ್ನೆಷ್ಟು ಬದಲಾವಣೆ ಉಳಿದಿದೆ ಎಂಬ ಅಂಕೆ ಕಾಣುತ್ತದೆ. ಅದು ಸೊನ್ನೆ ಮುಟ್ಟಿದ ದಿನ ಡ್ರೈವು ಕೊನೆಯ ವಲಯಕ್ಕೇ ಕಾಯಂ ಆಗಿಬಿಡುತ್ತದೆ, ವಿಂಡೋಸನ್ನು ಮತ್ತೆ ಹಾಕಿದರೂ ಅಂಕೆ ಮರಳುವುದಿಲ್ಲ, ಏಕೆಂದರೆ ಲೆಕ್ಕ ಇರುವುದು ಡ್ರೈವಿನೊಳಗೆ. 4ಕೆ ಬ್ಲೂರೇ ಡಿಸ್ಕುಗಳಿಗೆ ವಲಯದ ಕಟ್ಟಿಲ್ಲವೆಂಬುದು ಸಮಾಧಾನದ ಸಂಗತಿ. ಅವನ್ನು ಓದುವ ಲ್ಯಾಪ್‌ಟಾಪ್ ಸಿಗುವುದು ಮಾತ್ರ ಅಪರೂಪ.

ಕೃತಿಸ್ವಾಮ್ಯ ಮುಗಿದ ಹಳೆಯ ಚಿತ್ರಗಳನ್ನು ಇಂಟರ್‌ನೆಟ್ ಆರ್ಕೈವ್ ಎಂಬ ಉಚಿತ ಆನ್‌ಲೈನ್ ಸಂಗ್ರಹದಂಥ ಕಡೆಯಿಂದ ಇಳಿಸಿಕೊಂಡು ಒಯ್ಯುವವರೂ ಇದ್ದಾರೆ. ಬೀಗವಿಲ್ಲ, ಅವಧಿಯಿಲ್ಲ, ವಿಎಲ್‌ಸಿ ಪ್ಲೇಯರಿನಲ್ಲಿ ಎಲ್ಲಿ ಬೇಕಾದರೂ ಓಡುತ್ತವೆ. ಗಡಿಯ ದೃಷ್ಟಿಯಿಂದ ಇದು ಬಹಳ ಅಚ್ಚುಕಟ್ಟಾದ ದಾರಿ. ಆದರೆ ಕೃತಿಸ್ವಾಮ್ಯದ ಅವಧಿಯ ಲೆಕ್ಕ ಇಲ್ಲಿಯೂ ದೇಶಕ್ಕೊಂದು. ಭಾರತದಲ್ಲಿ ಸಿನಿಮಾದ ಕೃತಿಸ್ವಾಮ್ಯ ಪ್ರಕಟಣೆಯಿಂದ 60 ವರ್ಷ, ಅಮೆರಿಕದಲ್ಲಿ ಹಳೆಯ ಚಿತ್ರಗಳಿಗೆ 95 ವರ್ಷ, ಯುರೋಪಿನಲ್ಲಿ ನಿರ್ದೇಶಕ, ಚಿತ್ರಕಥೆಗಾರ, ಸಂಭಾಷಣೆಕಾರ, ಸಂಗೀತಗಾರರ ಪೈಕಿ ಕೊನೆಗೆ ತೀರಿಕೊಂಡವರ ಮರಣದಿಂದ 70 ವರ್ಷ. 1929ರ ಚಿತ್ರಗಳು ಅಮೆರಿಕದಲ್ಲಿ ಮುಕ್ತವಾದದ್ದು 2025ರ ಜನವರಿ 1ರಂದು.

ಬೀಗವಿರುವ ಚಿತ್ರಗಳಿಗೆ ಕೊನೆಯ ಎರಡು ತೊಡಕುಗಳಿವೆ. ಹೋಟೆಲಿನ ದೊಡ್ಡ ಟಿವಿಗೆ ಎಚ್‌ಡಿಎಂಐ ತಂತಿ ಜೋಡಿಸಿದಾಗ, ಆ ಟಿವಿ ಇಲ್ಲವೇ ಹಳೆಯ ಪ್ರೊಜೆಕ್ಟರು ತಂತಿಯಲ್ಲಿ ನಕಲು ತಡೆಯುವ ಎಚ್‌ಡಿಸಿಪಿ ರಕ್ಷಣೆಯನ್ನು ಒಪ್ಪದಿದ್ದರೆ ಪರದೆ ಕಪ್ಪಗೇ ಉಳಿಯಬಹುದು. ಹಾಗೆಯೇ, ಬೇಕಾದ ಭಾಷೆಯ ಧ್ವನಿ ಮತ್ತು ಸಬ್‌ಟೈಟಲ್ ಡೌನ್‌ಲೋಡಿನ ಜೊತೆ ಬಂದಿವೆಯೇ ಎಂದು ಇಂಟರ್‌ನೆಟ್ ಆರಿಸಿಯೇ ಖಚಿತಪಡಿಸಿಕೊಳ್ಳಬೇಕು.

ಗಡಿ ಹತ್ತಿರವಾದಾಗ ಲ್ಯಾಪ್‌ಟಾಪನ್ನು ಸ್ಲೀಪ್‌ನಲ್ಲಿಡದೆ ಪೂರ್ತಿ ಆರಿಸಿಡುವುದು, ಪಾಸ್‌ವರ್ಡ್ ಇಲ್ಲದೆ ಓದಲಾಗದಂತೆ ಡಿಸ್ಕಿಗೆ ಎನ್‌ಕ್ರಿಪ್ಷನ್ ಹಾಕಿರುವುದು, ಪ್ರಯಾಣಕ್ಕೆ ಬೇಡದ ಖಾಸಗಿ ಫೈಲುಗಳನ್ನು ಮನೆಯಲ್ಲಿ ಬಿಡುವುದು ಸಿನಿಮಾ ಇದ್ದರೂ ಇಲ್ಲದಿದ್ದರೂ ಒಳ್ಳೆಯದೇ. ಚಿತ್ರಗಳ ಆಯ್ಕೆಯ ವಿಷಯದಲ್ಲಿ ನನ್ನ ಶಿಫಾರಸು ಹೀಗಿದೆ: ಹೋಗುವಾಗಿನ ವಿಮಾನಕ್ಕೆ ಚಂದಾ ಸೇವೆಯ ಡೌನ್‌ಲೋಡ್, ಅಲ್ಲಿ ಕಳೆಯುವ ಸಂಜೆಗಳಿಗೆ ಕೊಂಡು ಇಳಿಸಿಕೊಂಡ ಒಂದೆರಡು ಚಿತ್ರ, ತಿಂಗಳೊಳಗೆ ಮರಳುವುದಾದರೆ ವಾಪಸ್ ದಾರಿಗೆ ಮನೆಯಿಂದಲೇ ಇಳಿಸಿಕೊಂಡು ಪ್ಲೇ ಒತ್ತದೆ ಇಟ್ಟ ಬಾಡಿಗೆ ಚಿತ್ರ.