ಕಾರಿನ ಗಾಜಿನ ಹಿಮಕ್ಕೆ ಸ್ಪ್ರೇಯೋ, ಹೊದಿಕೆಯೋ, ಸ್ಕ್ರೇಪರೋ?

ಗ್ಯಾರೇಜಿಲ್ಲದೆ ರಸ್ತೆ ಬದಿಯಲ್ಲೇ ಕಾರು ನಿಲ್ಲಿಸುವವರಿಗೆ, ಅದೂ ಜರ್ಮನಿಯ ಚಳಿಯಲ್ಲಿ, ನನ್ನ ಓಟು ಐಸೊಪ್ರೊಪನಾಲ್ (ಹಿಮ ಕರಗಿಸುವ ಒಂದು ಬಗೆಯ ಆಲ್ಕೋಹಾಲ್) ತುಂಬಿದ ಪಂಪ್ ಬಾಟಲಿಗೆ. ಜೊತೆಗೊಂದು ಸ್ಕ್ರೇಪರ್ ಇದ್ದರೆ ಮುಗಿಯಿತು. ರಾತ್ರಿ ಮುಂದಿನ ಗಾಜಿಗೆ ಹೊದಿಸಲೆಂದು ಇಪ್ಪತ್ತು ಯೂರೋ ತೆತ್ತು ತಂದ ಮ್ಯಾಗ್ನೆಟ್ ಹೊದಿಕೆ ಈಗ ಡಿಕ್ಕಿಯಲ್ಲಿದೆ. ಟೈರು ಬದಲಿಸುವಾಗ ಮೊಣಕಾಲಿನಡಿ ಹಾಸಿಕೊಳ್ಳಲು ಚೆನ್ನಾಗಿದೆ.

ಎಂಜಿನ್ ಚಾಲೂ ಮಾಡಿಟ್ಟು ಹೀಟರ್ ಬಿಸಿಗೆ ಹಿಮ ಕರಗಲಿ ಎಂದು ಕಾಯುವ ದಾರಿ ಇಲ್ಲಿ ಇಲ್ಲ. ಸುಮ್ಮನೆ ಎಂಜಿನ್ ಓಡಿಸುವುದು ಜರ್ಮನಿಯಲ್ಲಿ ನಿಷಿದ್ಧ, ದಂಡ 80 ಯೂರೋ. ಕಣ್ಣಿಗೆ ಬೇಕಾದಷ್ಟೇ ಕಿಂಡಿ ಕೆರೆದುಕೊಂಡು ಹೊರಟರೂ 10 ಯೂರೋ ಕಕ್ಕಬೇಕು. ದಂಡದ ಮಾತು ಬಿಟ್ಟರೂ, ನಿಂತಲ್ಲೇ ಓಡುವ ತಣ್ಣನೆಯ ಎಂಜಿನ್, ಅದರಲ್ಲೂ ಡೀಸೆಲ್, ಬಿಸಿಯಾಗುವಷ್ಟರಲ್ಲಿ ಕೈಯಿಂದಲೇ ನಾಲ್ಕೂ ಬದಿ ಕೆರೆದು ಮುಗಿಸಬಹುದು. ಎಂಜಿನ್ ಓಡದೆಯೇ ಕಾರು ಬಿಸಿ ಮಾಡುವ ಪಾರ್ಕಿಂಗ್ ಹೀಟರ್ ಕೂರಿಸಿಕೊಂಡರೆ ಸುಖವೇನೋ ಸುಖ, ಆದರೆ ಖರ್ಚು ಸಾವಿರ ಯೂರೋ ದಾಟುತ್ತದೆ. ಎಲೆಕ್ಟ್ರಿಕ್ ಕಾರಿನವರು ಚಾರ್ಜರ್ ಸಿಕ್ಕಿಸಿಟ್ಟು ಆ್ಯಪಿನಲ್ಲೇ ಬಿಸಿ ಮಾಡಿಕೊಳ್ಳುತ್ತಾರೆ. ಈ ಬರಹ ಅವರಿಗಲ್ಲ.

ಹೊದಿಕೆಯ ವಿಷಯಕ್ಕೆ ಬರೋಣ. ಒಣ ಚಳಿಯ, ಮೋಡವಿಲ್ಲದ ರಾತ್ರಿಗಳಲ್ಲಿ ಅದನ್ನು ಮೀರಿಸಿದ್ದಿಲ್ಲ. ಅಂಥ ರಾತ್ರಿ ಗಾಜು ತನ್ನ ಶಾಖವನ್ನು ಬಯಲು ಆಕಾಶಕ್ಕೆ ಬಿಟ್ಟುಕೊಟ್ಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಗಾಳಿ 2–3 ಡಿಗ್ರಿ ಇದ್ದರೂ ಗಾಜಿನ ಮೇಲೆ ಹಿಮ ಕೂರುವುದು ಇದರಿಂದಲೇ; ಮರದಡಿ ನಿಂತ ಕಾರು ಬಚಾವಾಗುವುದೂ ಇದರಿಂದಲೇ. ಹೊದಿಕೆ ಆ ಮರದ ಕೆಲಸ ಮಾಡುತ್ತದೆ. ಬೆಳಿಗ್ಗೆ ಎತ್ತಿದರೆ ಗಾಜು ಸ್ವಚ್ಛ.

ಆದರೆ ಇಲ್ಲಿನ ಚಳಿಗಾಲದ ಬಹುಪಾಲು ಸೊನ್ನೆಯ ಆಸುಪಾಸಿನದು. ಸಂಜೆ ಜಿಟಿಜಿಟಿ ಮಳೆ, ನಡುರಾತ್ರಿಗೆ ಹೆಪ್ಪು. ಆಗ ಬಟ್ಟೆ ನೆನೆದು, ಕಾವಲಿಗೆ ಹಿಡಿದ ದೋಸೆಯ ಹಾಗೆ ಗಾಜಿಗೆ ಕಚ್ಚಿಕೊಳ್ಳುತ್ತದೆ. ಜೋರಾಗಿ ಎಳೆದರೆ ಬೆಳ್ಳಿ ಬಣ್ಣದ ಪದರ ಚೂರುಚೂರಾಗಿ ಗಾಜಿನ ಮೇಲೆಯೇ ಉಳಿಯುತ್ತದೆ.

ಅದಕ್ಕಿಂತ ದೊಡ್ಡ ತಲೆನೋವು ಹೊದಿಕೆಯ ಎರಡೂ ಪಕ್ಕದ ಕಿವಿಗಳು. ಗಾಳಿಗೆ ಹಾರದಿರಲಿ, ಕಳ್ಳರು ಒಯ್ಯದಿರಲಿ ಎಂದು ಅವನ್ನು ಬಾಗಿಲ ಒಳಗೆ ಸಿಕ್ಕಿಸಬೇಕು. ನೀರು ಆ ಬಟ್ಟೆಯ ಎಳೆ ಹಿಡಿದೇ ರಬ್ಬರ್ ಸೀಲನ್ನು ದಾಟಿ ಒಳಗಿಳಿಯುತ್ತದೆ. ಬೆಳಿಗ್ಗೆ ಸೀಲಿಗೂ ಬಾಗಿಲಿಗೂ ನಡುವೆ ಐಸು. ಹಿಡಿ ಹಿಡಿದು ಜಗ್ಗಿದರೆ ರಬ್ಬರ್ ಕಿತ್ತು ಬರುತ್ತದೆ. ಜಗ್ಗುವ ಬದಲು ಅಂಗೈಯಿಂದ ಬಾಗಿಲ ಅಂಚನ್ನು ಸುತ್ತಲೂ ಒಳಕ್ಕೆ ಒತ್ತಿ ಐಸನ್ನು ಮುರಿಯಬೇಕು. ಹೊದಿಕೆ ಇರಲಿ ಬಿಡಲಿ, ನವೆಂಬರಿನಲ್ಲೇ ಸೀಲನ್ನು ಒರೆಸಿ ಸಿಲಿಕೋನ್ ಅಥವಾ ಜಿಂಕೆ ಕೊಬ್ಬಿನ ಸ್ಟಿಕ್ ಸವರಿಡಿ.

ಬಾಗಿಲು ತೆರೆಯಿತು ಅನ್ನಿ. ಈಗ ಆ ಒದ್ದೆ ಹೊದಿಕೆಯನ್ನು ಎಲ್ಲಿಡುವುದು? ಹಿಂದಿನ ಸೀಟಿಗೆ ಎಸೆದರೆ ದಾರಿಯುದ್ದಕ್ಕೂ ಹೀಟರ್ ಬಿಸಿಗೆ ಅದರ ನೀರು ಆವಿಯಾಗುತ್ತದೆ, ರಾತ್ರಿ ಗಾಜಿನ ಒಳಮೈಗೆ ಬಂದು ಹೆಪ್ಪುಗಟ್ಟುತ್ತದೆ. ಒಳಗಿನ ಹಿಮದಷ್ಟು ಪೀಡೆ ಇನ್ನೊಂದಿಲ್ಲ: ಡ್ಯಾಶ್‌ಬೋರ್ಡ್ ಅಡ್ಡ ಬರುವುದರಿಂದ ಕೆಳಮೂಲೆಗೆ ಸ್ಕ್ರೇಪರ್ ಹೋಗದು, ಮುಚ್ಚಿದ ಕಾರಿನೊಳಗೆ ಸ್ಪ್ರೇ ಹೊಡೆಯುವಂತಿಲ್ಲ, ಕೆರೆದ ಪುಡಿ ಮಡಿಲಿಗೇ ಬೀಳುತ್ತದೆ. ತೇವ ಹೀರುವ ಎಸಿಯನ್ನು ನೆಚ್ಚೋಣ ಎಂದರೆ ಅದರ ಕಂಪ್ರೆಸರ್ ಸೊನ್ನೆಯ ಹತ್ತಿರ ಹೆಚ್ಚಿನ ಕಾರುಗಳಲ್ಲಿ ಕೆಲಸವನ್ನೇ ನಿಲ್ಲಿಸುತ್ತದೆ. ಇದ್ದದ್ದರಲ್ಲಿ ಉಪಾಯ, ಡಿಕ್ಕಿಯಲ್ಲಿ ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬ ಇಟ್ಟು ಹೊದಿಕೆಯನ್ನು ಅದಕ್ಕೆ ತುರುಕುವುದು. ಇಷ್ಟೆಲ್ಲ ಪಡಿಪಾಟಲಿನ ನಂತರವೂ ಪಕ್ಕದ ಗಾಜು, ಹಿಂದಿನ ಗಾಜು, ಕನ್ನಡಿ ಎಲ್ಲವನ್ನೂ ಕೆರೆಯುವುದು ಇದ್ದೇ ಇದೆ.

ಸ್ಪ್ರೇಗೆ ಇದಾವುದರ ರಗಳೆಯಿಲ್ಲ. 99% ಐಸೊಪ್ರೊಪನಾಲ್ ಸಿಕ್ಕರೆ ಎರಡು ಪಾಲಿಗೆ ಒಂದು ಪಾಲು ನೀರು. 70% ಸಿಕ್ಕರೆ ಹಾಗೆಯೇ ಬಳಸಿ. ಬಾಟಲಿಯನ್ನು ಮನೆಯಲ್ಲೇ ಇಡಿ: ಬಾಗಿಲೇ ಹೆಪ್ಪುಗಟ್ಟಿದ ದಿನ ಒಳಗಿದ್ದು ಪ್ರಯೋಜನವಿಲ್ಲ, ಮೇಲಾಗಿ ಅದು ಬೆಂಕಿ ಹಿಡಿಯುವ ವಸ್ತು. ಗಾಳಿಗೆ ಬೆನ್ನು ಕೊಟ್ಟು, ಗಾಜಿನ ಮೇಲಂಚಿನಿಂದ ಶುರು ಮಾಡಿ, ದ್ರವ ತಾನಾಗಿ ಕೆಳಗಿಳಿಯಲು ಬಿಡಿ. ಮುಂದಿನ ಗಾಜಿಗೆ ಸುಮಾರು 100 ಮಿಲಿ. ತೆಳು ಹಿಮಕ್ಕೆ ಒಂದೆರಡು ನಿಮಿಷ ಸಾಕು. ದಪ್ಪ ಐಸಾದರೆ ಮೊದಲು ಸ್ಕ್ರೇಪರಿನ ಹಲ್ಲಿನ ಬದಿಯಿಂದ ಗೀರು ಹಾಕಿ, ಆಮೇಲೆ ಸಿಂಪಡಿಸಿ. ಗೀರಿನಲ್ಲಿ ಇಳಿದ ಆಲ್ಕೋಹಾಲ್ ಐಸನ್ನು ಗಾಜಿನಿಂದ ಬಿಡಿಸುತ್ತದೆ.

ಎಡವಟ್ಟಾಗುವುದು ಆತುರದಲ್ಲಿ. ಅರೆ ಕರಗಿ ಗಂಜಿಯಂತಾದ ಹಿಮವನ್ನು ಗಾಜಿನ ಮೇಲೇ ಬಿಟ್ಟು ಹೊರಟರೆ, ಗಾಳಿ ಬಡಿದು ಆಲ್ಕೋಹಾಲ್ ಮೊದಲು ಆರಿ ನೀರಷ್ಟೇ ಉಳಿದು ಮತ್ತೆ ಹೆಪ್ಪುಗಟ್ಟುತ್ತದೆ, ಅದೂ ವೇಗ ಹಿಡಿದ ಮೇಲೆ. ಅದನ್ನು ಪೂರ್ತಿ ಎಳೆದು ಹಾಕಿದ ಮೇಲೆಯೇ ವೈಪರ್. ರಾತ್ರಿ ವೈಪರ್ ಲಿವರನ್ನು ಆಫ್ ಮಾಡಿಯೇ ಇಳಿಯಬೇಕು, ಇಲ್ಲದಿದ್ದರೆ ಬೆಳಿಗ್ಗೆ ಕೀ ತಿರುಗಿಸಿದೊಡನೆ ಗಾಜಿಗಂಟಿದ ಬ್ಲೇಡನ್ನು ಮೋಟರ್ ಎಳೆಯಲು ಹೋಗಿ ಬ್ಲೇಡು ಹರಿಯುತ್ತದೆ, ಇಲ್ಲವೇ ಫ್ಯೂಸ್ ಹೋಗುತ್ತದೆ.

ಅಂಗಡಿಯಲ್ಲಿ ಸಿಗುವ ಹಿಮ ಕರಗಿಸುವ ಸ್ಪ್ರೇಗಳಲ್ಲಿ (ಡೀಐಸರ್) ಗ್ಲೈಕಾಲ್ ಇದ್ದರೆ ಗಾಜಿನ ಮೇಲೆ ಜಿಡ್ಡಿನ ಪೊರೆ ಉಳಿದು, ಎದುರಿನ ಹೆಡ್‌ಲೈಟ್ ಚದುರಿ ಕಣ್ಣಿಗೆ ಹೊಡೆಯುತ್ತದೆ. ಒತ್ತಡದ ಸ್ಪ್ರೇ ಡಬ್ಬಿ ತಣ್ಣಗಾದಂತೆ ಬಲ ಕಳೆದುಕೊಳ್ಳುತ್ತದೆ. ಪಂಪ್ ಬಾಟಲಿಯೇ ಮೇಲು. ವಿನೆಗರ್ ಸಲಹೆಯನ್ನು ಕಿವಿಗೆ ಹಾಕಿಕೊಳ್ಳಬೇಡಿ, 5% ವಿನೆಗರ್ ಸುಮಾರು ಮೈನಸ್ 2ರಲ್ಲೇ ಹೆಪ್ಪುಗಟ್ಟುತ್ತದೆ.

ಊರಿನಲ್ಲಿ ಬೆಳಿಗ್ಗೆ ಎದ್ದು ಗಾಜಿನ ಮೇಲೆ ಒಂದು ಚೊಂಬು ನೀರು ಸುರಿದ ರೂಢಿಯವರಿಗೆ ಬಿಸಿನೀರಿನ ಆಸೆ ಸಹಜ. ಬೇಡ. ಕಲ್ಲು ಸಿಡಿದ ಸಣ್ಣ ಕಲೆಯಿದ್ದರೆ ಅಲ್ಲಿಂದಲೇ ಬಿರುಕು ಓಡುತ್ತದೆ, ಸುರಿದ ನೀರು ಕಾಲಡಿ ಐಸಾಗುತ್ತದೆ.

ಸ್ಕ್ರೇಪರ್ ಮೂರು ಯೂರೋದ್ದೇ ಸಾಕು, ಅಂಚು ಮುಕ್ಕಾದ ದಿನ ಬಿಸಾಡಿ. ಕೆರೆಯುವ ಮೊದಲು ಬ್ರಷ್ಷಿನಿಂದ ಪುಡಿ ಹಿಮ ಗುಡಿಸಿ, ಗೀರು ಬೀಳುವುದು ಹಿಮದಡಿಯ ಮರಳಿನಿಂದ. ಹಿತ್ತಾಳೆ ಅಲಗಿನದು ಐಸನ್ನು ಚೆನ್ನಾಗಿ ಕಚ್ಚುತ್ತದೆ, ಆದರೆ ಹೆಡ್‌ಲೈಟಿನ ಪ್ಲಾಸ್ಟಿಕ್ ಮತ್ತು ಕ್ಯಾಮೆರಾದ ಹತ್ತಿರ ಒಯ್ಯಬೇಡಿ.

ಲೀಟರ್ ಐಸೊಪ್ರೊಪನಾಲ್ ಹತ್ತು ಯೂರೋ ಒಳಗೆ ಸಿಗುತ್ತದೆ. ನೀರು ಬೆರೆಸಿದರೆ ಒಂದೂವರೆ ಲೀಟರ್, ಅಂದರೆ ಹದಿನೈದು ಬೆಳಗು. ಆರು ಗಂಟೆಗೆ ಹೊರಡುವ, ಹಿಂದಿನ ರಾತ್ರಿ ಹವಾಮಾನ ನೋಡುವ ಅಭ್ಯಾಸವಿಲ್ಲದ ನನ್ನಂಥವರಿಗೆ ಇದೇ ಸರಿ. ದಿನವೂ ಮರೆಯದೆ ಹೊದಿಸುವ ಶಿಸ್ತಿದ್ದು, ಮಳೆ ಕಡಿಮೆಯಿರುವ ಒಣ ಚಳಿಯ ಜಾಗದಲ್ಲಿದ್ದರೆ ಹೊದಿಕೆ ಕೊಳ್ಳಿ. ಕೊಳ್ಳುವ ಮೊದಲು ಫ್ರಿಜ್ಜಿನ ಮ್ಯಾಗ್ನೆಟ್ಟೊಂದನ್ನು ಬಾನೆಟ್ಟಿಗೆ ಅಂಟಿಸಿ ನೋಡಿ. ಜಾರಿ ಬಿದ್ದರೆ ಅದು ಅಲ್ಯೂಮಿನಿಯಂ. ಮ್ಯಾಗ್ನೆಟ್ ಹೊದಿಕೆ ಅಲ್ಲಿ ನಿಲ್ಲುವುದಿಲ್ಲ.