ಗೆಕ್ಕೊ ಹೈಡ್‌ಗೆ ಒದ್ದೆ ಹಾಸು: ಮಾಸ್, ಕೋಕೋಪೀಟ್, ಟಿಶ್ಯೂಗಳಲ್ಲಿ ಯಾವುದು ವಾಸಿ?

ಮನೆಯಲ್ಲಿ ಸಾಕುವ ಚುಕ್ಕೆಮೈಯ ಹಲ್ಲಿ ಲೆಪರ್ಡ್ ಗೆಕ್ಕೊ ಒಣ ಸೀಮೆಯ ಪ್ರಾಣಿ ಎಂದು ಇಡೀ ಟ್ಯಾಂಕನ್ನೇ ಒಣಗಿಸಿ ಇಡುವವರಿದ್ದಾರೆ. ಟ್ಯಾಂಕಿನ ಗಾಳಿಗೆ ಶೇ. 30–40 ತೇವಾಂಶ ಸಾಕು, ಅದು ನಿಜ. ಆದರೆ ಹುಟ್ಟುನೆಲೆಯಲ್ಲಿ ಈ ಪ್ರಾಣಿ ಹಗಲೆಲ್ಲ ಬಿಲ, ಕಲ್ಲುಸಂದಿಗಳಲ್ಲಿ ಅಡಗಿರುತ್ತದೆ. ಅಲ್ಲಿನ ಗಾಳಿ ಹೊರಗಿನಷ್ಟು ಒಣಗಿರುವುದಿಲ್ಲ. ಹೈಡ್, ಅಂದರೆ ಅಡಗಲೆಂದು ಟ್ಯಾಂಕಿನೊಳಗೆ ಇಡುವ ಮುಚ್ಚಿದ ಪೆಟ್ಟಿಗೆ, ಆ ಬಿಲದ ಕೆಲಸ ಮಾಡಬೇಕು. ಒಳಗೆ ಶೇ. 70–80 ತೇವ ನಿಲ್ಲದಿದ್ದರೆ ಪೊರೆ ಪೂರ್ತಿ ಬಿಡುವುದಿಲ್ಲ. ಬೆರಳ ತುದಿಯಲ್ಲಿ ಉಳಿದ ಚೂರು ಒಣಗಿ ಉಂಗುರದಂತೆ ಬಿಗಿಯುತ್ತದೆ, ರಕ್ತ ಹರಿಯದೆ ಬೆರಳೇ ಉದುರಿಹೋಗುತ್ತದೆ.

ಹಾಸುಗಳಲ್ಲಿ ನಮ್ಮ ಮೊದಲ ಆಯ್ಕೆ ಉದ್ದ ನಾರಿನ ಒಣ ಸ್ಫ್ಯಾಗ್ನಮ್ ಮಾಸ್, ಅಂದರೆ ಜೌಗು ನೆಲದಲ್ಲಿ ಬೆಳೆಯುವ ಒಂದು ಬಗೆಯ ಹಾವಸೆ. ತನ್ನ ತೂಕದ ಹದಿನೈದಿಪ್ಪತ್ತು ಪಟ್ಟು ನೀರು ಕುಡಿದರೂ ನಾರುಗಳ ನಡುವೆ ಗಾಳಿಯಾಡುತ್ತದೆ. ತುಸು ಆಮ್ಲೀಯವಾದ್ದರಿಂದ ಬೂಷ್ಟು ಬೇಗ ಹಿಡಿಯದು. ಪೊರೆ ಬಿಡುವಾಗ ಗೆಕ್ಕೊ ಮೈ ಉಜ್ಜಿಕೊಳ್ಳುವುದಕ್ಕೂ ಇದು ಅನುಕೂಲ. ಕೊಳ್ಳುವಾಗ ಮಾತ್ರ ಲೇಬಲ್ ಸರಿಯಾಗಿ ಓದಿ. ‘ಪೀಟ್ ಮಾಸ್’ ಎಂದಿದ್ದರೆ ಅದು ಅರೆಕೊಳೆತ ಕಂದು ಪುಡಿ, ನಮಗೆ ಬೇಕಾದದ್ದು ಅದಲ್ಲ. ಅಲಂಕಾರಕ್ಕೆಂದು ಮಾರುವ ಕಡುಹಸಿರು ಮಾಸ್‌ಗೆ ಬಣ್ಣ ಹಾಕಿರುವುದುಂಟು. ನೆನೆಸಿದ ನೀರು ಹಸಿರಾದರೆ ಎಸೆದುಬಿಡಿ.

ಮಾಸ್ ಕೆಟ್ಟದ್ದೆಂದು ದೂರುವವರಲ್ಲಿ ಬಹುಪಾಲು ಜನ ಸರಿಯಾಗಿ ಹಿಂಡಿಯೇ ಇರುವುದಿಲ್ಲ. ಎರಡು ಹಿಡಿ ಒಣ ಮಾಸ್ ಮೇಲೆ ಕುದಿನೀರು ಸುರಿದು ಇಪ್ಪತ್ತು ನಿಮಿಷ ಬಿಡಿ. ಪೂರ್ತಿ ಆರಿದ ಮೇಲೆ ಎರಡೂ ಕೈಯಲ್ಲಿ ಹಿಂಡಿ, ಇನ್ನು ಹನಿ ಬೀಳದು ಎನ್ನುವ ತನಕ. ಆಮೇಲೆ ನಾರು ಬಿಡಿಸಿ, 3–4 ಸೆಂ.ಮೀ. ದಪ್ಪಕ್ಕೆ ಸಡಿಲವಾಗಿ ಹರಡಿ. ಒತ್ತಿ ತುಂಬಿದರೆ ಅಡಿಭಾಗ ಕೊಳೆಯುತ್ತದೆ. ಕೈಯಲ್ಲಿ ಗಾಯವಿದ್ದರೆ ಕೈಗವಸು ಹಾಕಿಕೊಳ್ಳಿ: ಸ್ಪೊರೊಟ್ರೈಕೋಸಿಸ್ ಎಂಬ ಶಿಲೀಂಧ್ರದ ಚರ್ಮರೋಗ ಮಾಸ್‌ನಿಂದ ತಗಲುವುದುಂಟು. ಮಾಸ್‌ನ ದೊಡ್ಡ ದೋಷವೆಂದರೆ ಹುಳು ಹಿಡಿಯುವಾಗ ನಾರೂ ಬಾಯಿಗೆ ಹೋಗುವುದು. ಹೆಚ್ಚು ನುಂಗಿದರೆ ಕರುಳು ಕಟ್ಟುತ್ತದೆ. ಹಾಗಾಗಿ ಹೈಡ್ ಒಳಗೆ ಊಟ ಹಾಕಬೇಡಿ.

ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಅಗ್ಗ, ಅಗೆಯಲು ಚೆನ್ನ. ಬರಿಯ ಪೊರೆಯ ಕೆಲಸಕ್ಕಾದರೆ ನಮ್ಮ ಮತ ಇದಕ್ಕಿಲ್ಲ. ಒದ್ದೆ ಪುಡಿ ಕಣ್ಣು, ಮೂಗು, ಹೊಸ ಚರ್ಮಕ್ಕೆಲ್ಲ ಅಂಟುತ್ತದೆ. ಮೇಲ್ಪದರ ಒಣಗಿ ಧೂಳಾಗಿದ್ದಾಗಲೂ ಕೆಳಗೆ ಕೆಸರು ಇರಬಹುದು, ನುಸಿಹುಳುಗಳಿಗೆ ಅದೇ ಹಬ್ಬ. ಮೊಟ್ಟೆ ಹೊತ್ತ ಹೆಣ್ಣಿಗೆ ಮಾತ್ರ ಇದಕ್ಕಿಂತ ಒಳ್ಳೆಯ ಹಾಸಿಲ್ಲ. ಒಂದು ಸಲಕ್ಕೆ ಸಾಮಾನ್ಯವಾಗಿ ಎರಡು ಮೊಟ್ಟೆ ಇಡುತ್ತದೆ, ಗುಂಡಿ ತೋಡಿಯೇ ಇಡುವುದು ಅದರ ರೂಢಿ, 6–8 ಸೆಂ.ಮೀ. ಆಳಕ್ಕೆ ತುಂಬಿ. ನಾರಿನಲ್ಲಿ ಉಪ್ಪಿನಂಶ ಇರಬಹುದಾದ್ದರಿಂದ ಎರಡು ಮೂರು ನೀರಿನಲ್ಲಿ ತೊಳೆಯಿರಿ. ಮುಷ್ಟಿಯಲ್ಲಿ ಒತ್ತಿದರೆ ಉಂಡೆ ನಿಲ್ಲಬೇಕು, ನೀರು ಜಿನುಗಬಾರದು. ಗೊಬ್ಬರ ಬೆರೆಸಿದ ಕುಂಡದ ಮಣ್ಣು ಬೇಡವೇ ಬೇಡ.

ಟಿಶ್ಯೂ ನೋಡಲು ಬಡಪಾಯಿ. ಆದರೆ ಹೊಸದಾಗಿ ತಂದ ಗೆಕ್ಕೊಗೆ, ಕಾಯಿಲೆ ಬಿದ್ದದ್ದಕ್ಕೆ, ಗಾಯವಾದದ್ದಕ್ಕೆ ಇದೇ ಸರಿ. ಹಿಕ್ಕೆಯ ಬಣ್ಣ, ಹೇನಿನಂಥ ಕೀಟ ಎರಡೂ ಬಿಳಿ ಹಾಳೆಯ ಮೇಲೆ ಎದ್ದು ಕಾಣುತ್ತವೆ. ಅಚ್ಚು, ಸುವಾಸನೆ ಇಲ್ಲದ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಒದ್ದೆ ಮಾಡಿ. ಒಂದು ದಿನದಲ್ಲಿ ಒಣಗುತ್ತದೆ, ದಿನಾ ಬದಲಿಸುವ ತಾಳ್ಮೆ ಬೇಕು.

ವರ್ಮಿಕ್ಯುಲೈಟ್, ಪರ್ಲೈಟ್ ಎಂಬ ಹಗುರ ಖನಿಜದ ಹರಳುಗಳು ಮೊಟ್ಟೆ ಕಾವಿಗೆ ಸರಿ, ಹೈಡ್‌ಗಲ್ಲ; ಹರಳು ಹೊಟ್ಟೆ ಸೇರುತ್ತದೆ. ದೇವದಾರು, ಪೈನ್ ಹೊಟ್ಟಿನ ಘಾಟು ಶ್ವಾಸಕ್ಕೆ ಕೆಟ್ಟದ್ದು.

ಹಾಸು ಎಷ್ಟೇ ಒಳ್ಳೆಯದಿರಲಿ, ಪೆಟ್ಟಿಗೆಯನ್ನು ತಪ್ಪು ಜಾಗದಲ್ಲಿಟ್ಟರೆ ವ್ಯರ್ಥ. ಟ್ಯಾಂಕಿನ ಬಿಸಿ ತುದಿಗೂ ತಂಪು ತುದಿಗೂ ನಡುವೆ, ತಳ 27–29 ಡಿಗ್ರಿ ಸೆಲ್ಸಿಯಸ್ ಇರುವಲ್ಲಿ ಇಡಿ. ತಂಪು ತುದಿಯಲ್ಲಿ ಒದ್ದೆ ಸೇರಿದರೆ ಶೀತ, ಉಸಿರಾಟದ ಸೋಂಕು. ಬಾಗಿಲು 5 ಸೆಂ.ಮೀ. ಸಾಕು, ಕೊಯ್ದ ಅಂಚನ್ನು ಉಪ್ಪುಕಾಗದದಿಂದ ಉಜ್ಜಿ ನಯಗೊಳಿಸಿ. ಒಳಗೋಡೆಯಿಂದ ಸದಾ ಹನಿ ಇಳಿಯುತ್ತಿದ್ದರೆ ನೀರು ಹೆಚ್ಚಾಗಿದೆ ಅಥವಾ ಗಾಳಿ ಸಾಲದು. ಮುಚ್ಚಳದಲ್ಲಿ ಎರಡು ಸಣ್ಣ ತೂತು ಮಾಡಿ.

ಎರಡು ಮೂರು ದಿನಕ್ಕೊಮ್ಮೆ ಬೆರಳಿಟ್ಟು ನೋಡಿ, ಒಣಗಿದ್ದರಷ್ಟೇ ನೀರು ಚಿಮುಕಿಸಿ. ಹಿಕ್ಕೆಯನ್ನು ಕಂಡಾಗಲೇ ತೆಗೆಯಿರಿ. ಮಾಸ್ ಅನ್ನು ಎರಡು ಮೂರು ವಾರಕ್ಕೊಮ್ಮೆ ಪೂರ್ತಿ ಬದಲಿಸಿ. ಹುಳಿ ವಾಸನೆ ಬಂದರೆ ಅಷ್ಟು ದಿನವೂ ಕಾಯಬೇಡಿ.